ಈ ಮರದ ಹೆಸರು ಹೇಳಿದವರು ಯಾರು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ಫೋನ್ ಮಾಡಿದಾಗ, "ನೀನು ಸಾಫ್ಟ್‌ವೇರ್‌ನಲ್ಲಿದ್ದೀಯ, ಮಕ್ಕಳಿಗೆ ಎ.ಐ. ಬಗ್ಗೆ ನಾಲ್ಕು ಮಾತು ಹೇಳಪ್ಪ" ಎಂದರು. ಒಪ್ಪಿಕೊಂಡೆ. ಆದರೆ ನಿಮ್ಮ ಕ್ಷಮೆ ಕೇಳಿ, ಇವತ್ತು ಕಂಪ್ಯೂಟರ್ ಬಿಟ್ಟು ಮುನ್ನೂರೈವತ್ತು ವರ್ಷ ಹಳೆಯ ಕೆಲವು ಚಿತ್ರಗಳ ಬಗ್ಗೆ ಮಾತಾಡುತ್ತೇನೆ. ಹಣ್ಣಿನ ಮರಗಳ ಚಿತ್ರಗಳು. ತಾಮ್ರದ ತಗಡಿನ ಮೇಲೆ ಕೊರೆದು, ಕಾಗದದ ಮೇಲೆ ಅಚ್ಚು ಹಾಕಿದವು. ಕೊನೆಗೆ ಎ.ಐ. ಕೂಡ ಸ್ವಲ್ಪ ಬರುತ್ತದೆ, ಹೆದರಬೇಡಿ.

2019ರಲ್ಲಿ ಕಂಪನಿ ಕೆಲಸದ ಮೇಲೆ ಮೂರು ತಿಂಗಳು ನೆದರ್ಲೆಂಡ್ಸ್ ದೇಶದಲ್ಲಿದ್ದೆ. ಒಂದು ಭಾನುವಾರ ಆಮ್‌ಸ್ಟರ್‌ಡ್ಯಾಮಿನ ಓಣಿಯೊಂದರಲ್ಲಿ ಹಳೆಯ ಭೂಪಟ, ಹಳೆಯ ಚಿತ್ರ ಮಾರುವ ಅಂಗಡಿ ಕಂಡಿತು. ಗಾಜಿನ ಹಿಂದೆ ಚೌಕಟ್ಟು ಹಾಕಿ ಇಟ್ಟಿದ್ದ ಚಿತ್ರ ನೋಡಿ ನಿಂತುಬಿಟ್ಟೆ. ಹಲಸು! ನಮ್ಮ ಹಲಸು. ಬರೀ ಕಪ್ಪು ಗೆರೆಗಳಲ್ಲಿ ಎಲೆ, ಕೊಂಬು, ಮುಳ್ಳು ಮುಳ್ಳಾದ ಹಣ್ಣು. ಪಕ್ಕದಲ್ಲಿ ರೋಮನ್ ಅಕ್ಷರದಲ್ಲಿ ಒಂದು ಹೆಸರು. ಅಕ್ಷರ ಕೂಡಿಸಿ ಓದಿದರೆ "ಚಕ್ಕ ಮರಂ". ಅದರ ಜೊತೆಗೇ ಮಲಯಾಳಂ ಲಿಪಿ, ಅರಬ್ಬಿ ಲಿಪಿ. ಬೆಲೆ ಕೇಳಿದೆ. ಕೇಳಿ ಸುಮ್ಮನೆ ಹೊರಗೆ ಬಂದೆ. ಆದರೆ ಆ ರಾತ್ರಿ ರೂಮಿನಲ್ಲಿ ಕೂತು ಅದರ ಮೂಲ ಹುಡುಕಲು ಶುರು ಮಾಡಿದವನು ಇವತ್ತಿಗೂ ಬಿಟ್ಟಿಲ್ಲ.

ಆ ಹಾಳೆ ಒಂದು ದೊಡ್ಡ ಪುಸ್ತಕದಿಂದ ಬಂದದ್ದು. ಪುಸ್ತಕದ ಹೆಸರು "ಹಾರ್ಟಸ್ ಮಲಬಾರಿಕಸ್". ಲ್ಯಾಟಿನ್ ಭಾಷೆಯ ಮಾತು, "ಮಲಬಾರಿನ ತೋಟ" ಎಂದರ್ಥ. ಹನ್ನೆರಡು ಸಂಪುಟಗಳು. ಮೊದಲನೆಯದು 1678ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾಯಿತು, ಕೊನೆಯದು 1693ರಲ್ಲಿ. 742 ಗಿಡಮರಗಳ ವಿವರಣೆ, ಎಂಟುನೂರಕ್ಕೆ ಹತ್ತಿರ ಚಿತ್ರಗಳು. ಮಾಡಿಸಿದವನು ಹೆಂಡ್ರಿಕ್ ವಾನ್ ರೀಡ್, ಕೊಚ್ಚಿಯಲ್ಲಿದ್ದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. 1663ರಲ್ಲಿ ಡಚ್ಚರು ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿದ್ದರು. ಕಂಪನಿಯ ಸಿಪಾಯಿಗಳಿಗೂ ನಾವಿಕರಿಗೂ ಔಷಧಿ ಯೂರೋಪಿನಿಂದ ಹಡಗಿನಲ್ಲಿ ಬರಬೇಕಿತ್ತು. ಕಣ್ಣೆದುರಿಗೇ ಇಷ್ಟು ಗಿಡಮೂಲಿಕೆ ಇರುವಾಗ ಅಲ್ಲಿಂದ ತರಿಸುವುದೇಕೆ ಎಂಬುದು ಅವನ ವಾದ. ಹಾಗಾಗಿ ಇದು ಪೂರ್ತಿ ನಿಸ್ವಾರ್ಥ ಕೆಲಸವೇನಲ್ಲ, ಲಾಭದ ಲೆಕ್ಕವೂ ಇತ್ತು. ಆದರೆ ಕೆಲಸ ಮಾತ್ರ ಲೆಕ್ಕಕ್ಕಿಂತ ದೊಡ್ಡದಾಯಿತು.

ಮೊದಲ ಸಂಪುಟದ ಮೊದಲ ಮರ ಯಾವುದು ಗೊತ್ತೇ? ತೆಂಗು. "ತೆಂಗ" ಎಂದೇ ಬರೆದಿದ್ದಾರೆ. ಒಂದೇ ಮರಕ್ಕೆ ನಾಲ್ಕು ಚಿತ್ರ. ಕಲ್ಪತರು ನಾಡು ಎಂದು ಕರೆಸಿಕೊಳ್ಳುವ ನಮ್ಮ ತುಮಕೂರು ಜಿಲ್ಲೆಯವರಿಗೆ ಇದಕ್ಕಿಂತ ಸಂತೋಷ ಬೇಕೆ! ಮುಂದಿನ ಪುಟಗಳಲ್ಲಿ ಬಾಳೆ, ಹುಣಸೆ, ಆಮೇಲಿನ ಸಂಪುಟಗಳಲ್ಲಿ ಹಲಸು, ಮಾವು. ನಮ್ಮವೇ ಎಂದು ನಾವು ತಿಳಿದಿರುವ ಸೀಬೆ, ಸೀತಾಫಲ, ಗೋಡಂಬಿ ಕೂಡ ಇವೆ. ಈ ಮೂರೂ ಅಮೆರಿಕ ಖಂಡದಿಂದ ಬಂದವು. ಗೋಡಂಬಿಗೆ ಅಲ್ಲಿನವರು ಹೇಳಿದ ಹೆಸರು "ಕಪ್ಪ ಮಾವು". ಕಪ್ಪಲ್ ಎಂದರೆ ಹಡಗು, ಹಡಗಿನಲ್ಲಿ ಬಂದ ಮಾವು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಒಂದು ಹೆಸರಿನೊಳಗೆ ಆ ಮರ ಬಂದ ದಾರಿಯೇ ಉಳಿದುಕೊಂಡಿದೆ ನೋಡಿ.

ಈಗ ಈ ಚಿತ್ರ ಮಾಡುತ್ತಿದ್ದ ಬಗೆ ಹೇಳುತ್ತೇನೆ. ವಿದ್ಯಾರ್ಥಿಗಳು ಗಮನಕೊಟ್ಟು ಕೇಳಿ. ಮೊದಲು ಮರದಿಂದ ಕೊಂಬೆ ತರಬೇಕು. ಬಾಡುವುದರೊಳಗೆ ಚಿತ್ರಗಾರ ಅದನ್ನು ನೋಡಿ ಕಾಗದದ ಮೇಲೆ ಬಿಡಿಸುತ್ತಾನೆ. ಆ ಕಾಗದಗಳು ಹಡಗು ಹತ್ತಿ ಆಫ್ರಿಕಾ ಸುತ್ತಿಕೊಂಡು ಆಮ್‌ಸ್ಟರ್‌ಡ್ಯಾಮಿಗೆ ಹೋಗುತ್ತವೆ. ಅಲ್ಲಿ ಕೆತ್ತನೆಗಾರ ನುಣುಪಾದ ತಾಮ್ರದ ತಗಡಿನ ಮೇಲೆ ಚೂಪಾದ ಸಣ್ಣ ಉಳಿಯಿಂದ ಒಂದೊಂದು ಗೆರೆಯನ್ನೂ ಕೊರೆಯುತ್ತಾನೆ. ತಗಡಿಗೆಲ್ಲ ಮಸಿ ಬಳಿದು ಒರೆಸಿದರೆ ಮೇಲ್ಮೈಯ ಮಸಿ ಹೋಗುತ್ತದೆ, ಕೊರೆದ ಗೀರಿನೊಳಗಿನ ಮಸಿ ಉಳಿಯುತ್ತದೆ. ಅದರ ಮೇಲೆ ಒದ್ದೆ ಮಾಡಿದ ಕಾಗದ ಹಾಸಿ, ನಮ್ಮ ಕಬ್ಬಿನ ಗಾಣದ ಹಾಗೆ ಎರಡು ಉರುಳೆಗಳ ನಡುವೆ ಹಾಯಿಸಿದರೆ ಕಾಗದ ಆ ಮಸಿಯನ್ನು ಎಳೆದುಕೊಳ್ಳುತ್ತದೆ. ನಮಗೆ ತಾಮ್ರಶಾಸನ ಗೊತ್ತು, ರಾಜ ಕೊಟ್ಟ ಭೂಮಿಗೆ ಅದು ದಾಖಲೆ. ಇದು ಮರಗಳ ತಾಮ್ರಶಾಸನ.

ಇದರಲ್ಲಿ ಒಂದು ತೊಡಕು ಇದೆ. ಅಚ್ಚಾದ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡ ಬಲ ಅದಲುಬದಲಾಗಿ ಬರುತ್ತದೆ. ಹಾಗಾಗಿ ಕೆತ್ತನೆಗಾರ ಎಲ್ಲವನ್ನೂ, ಅಕ್ಷರಗಳನ್ನೂ ಸೇರಿಸಿ, ಉಲ್ಟಾ ಕೊರೆಯಬೇಕು. ಮರೆತರೆ ಎಡಕ್ಕೆ ಸುತ್ತುವ ಬಳ್ಳಿ ಪುಸ್ತಕದಲ್ಲಿ ಬಲಕ್ಕೆ ಸುತ್ತುತ್ತದೆ! ಆ ಕೆತ್ತನೆಗಾರ ಹಲಸಿನ ಮರವನ್ನೇ ನೋಡಿರಲಿಲ್ಲ, ತನಗೆ ಗೊತ್ತಿಲ್ಲದ ಮಲಯಾಳಂ ಅಕ್ಷರಗಳನ್ನು ತಿರುವುಮುರುವಾಗಿ ತಾಮ್ರಕ್ಕೆ ಇಳಿಸಿದ್ದ. ಒಂದು ಪ್ರೋಗ್ರಾಮ್‌ನಲ್ಲಿ ಒಂದು ಚಿಹ್ನೆ ತಪ್ಪಿದರೆ ಒದ್ದಾಡುವ ನಮ್ಮಂಥವರು ಅವನ ಸಹನೆಗೆ ಕೈಮುಗಿಯಬೇಕು.

ಇನ್ನೊಂದು ವಿಷಯ. ಇಂಥ ಹಳೆಯ ಸಸ್ಯಚಿತ್ರಗಳಲ್ಲಿ ಒಂದೇ ಕೊಂಬೆಯಲ್ಲಿ ಮೊಗ್ಗು, ಹೂವು, ಕಾಯಿ, ಹಣ್ಣು ಎಲ್ಲ ಒಟ್ಟಿಗೆ ಇರುವುದುಂಟು. ಪಕ್ಕದಲ್ಲಿ ಹಣ್ಣನ್ನು ಹೋಳು ಮಾಡಿ ತೋರಿಸಿರುತ್ತಾರೆ, ಬೀಜ ಬೇರೆ. ನಿಜವಾದ ಮರದಲ್ಲಿ ಇವೆಲ್ಲ ಒಂದೇ ದಿನ ಸಿಗುವುದಿಲ್ಲ. ಒಂದು ವರ್ಷವನ್ನು ಒಂದು ಹಾಳೆಯಲ್ಲಿ ತಂದು ಕೂರಿಸಿದ್ದಾರೆ. ಫೋಟೋ ಒಂದು ಕ್ಷಣವನ್ನು ಹಿಡಿಯುತ್ತದೆ, ಹುಳ ಕಚ್ಚಿದ ಎಲೆಯಿದ್ದರೆ ಅದನ್ನೇ ಹಿಡಿಯುತ್ತದೆ. ಈ ಚಿತ್ರ ಹಾಗಲ್ಲ. ಹಲವು ಸಲ ನೋಡಿದವರು, ನೋಡಿದ್ದನ್ನು ಅರ್ಥಮಾಡಿಕೊಂಡವರು ಮಾತ್ರ ಇದನ್ನು ಬರೆಯಲು ಸಾಧ್ಯ.

ಇದು ಎಷ್ಟು ಮುಖ್ಯವಾಯಿತು ಎಂದರೆ, 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಜಗತ್ತಿನ ಗಿಡಗಳಿಗೆಲ್ಲ ಎರಡು ಪದದ ಹೆಸರಿಡುವಾಗ ನಮ್ಮ ಕಡೆಯ ಎಷ್ಟೋ ಮರಗಳಿಗೆ ಈ ಪುಸ್ತಕವನ್ನೇ ಆಧಾರವಾಗಿ ಹಿಡಿದ. ತೆಂಗಿಗೆ ಅವನಿಟ್ಟ ಹೆಸರು ಕೋಕೋಸ್ ನ್ಯೂಸಿಫೆರಾ. ಸಾಮಾನ್ಯವಾಗಿ ಇಂಥ ಹೆಸರಿಗೆ ಒಣಗಿಸಿದ ಎಲೆ, ಹೂವಿನ ಒಂದು ಮಾದರಿಯನ್ನು ಆಧಾರವಾಗಿ ಗೊತ್ತುಮಾಡುತ್ತಾರೆ. ತೆಂಗಿನ ಹೆಸರಿಗೆ ಆ ಆಧಾರ ಯಾವುದು ಎಂದರೆ, ಹಾರ್ಟಸ್ ಮಲಬಾರಿಕಸ್ಸಿನ ಆ "ತೆಂಗ" ಚಿತ್ರ. ಇಡೀ ಜಗತ್ತಿನ ತೆಂಗಿನ ವೈಜ್ಞಾನಿಕ ಹೆಸರು ಕೊಚ್ಚಿಯ ಕಡೆಯ ಮರ ನೋಡಿ ಮಾಡಿದ ಚಿತ್ರದ ಮೇಲೆ ನಿಂತಿದೆ.

ಇಷ್ಟೇ ಆಗಿದ್ದರೆ ನಾನು ಇವತ್ತು ಇದನ್ನು ಹೇಳುತ್ತಿರಲಿಲ್ಲ. ನನ್ನನ್ನು ತಟ್ಟಿದ್ದು ಬೇರೆ.

ಡಚ್ ಅಧಿಕಾರಿಗೆ ಮರಗಳ ಹೆಸರು ಹೇಳಿದವರು ಯಾರು? ಈ ಪ್ರಶ್ನೆಗೆ ಪುಸ್ತಕದಲ್ಲೇ ಉತ್ತರ ಇದೆ. ಮೊದಲ ಸಂಪುಟದ ಆರಂಭದಲ್ಲಿ ಕೆಲವು ಪ್ರಮಾಣಪತ್ರಗಳನ್ನು ಅಚ್ಚು ಮಾಡಿದ್ದಾರೆ. ಒಂದು ಇಟ್ಟಿ ಅಚ್ಯುತನ್ ಎಂಬ ವೈದ್ಯರದ್ದು. ಈಳವ ಸಮುದಾಯದವರು, ಚೇರ್ತಲ ಹತ್ತಿರದ ಕಡಕ್ಕರಪ್ಪಳ್ಳಿಯವರು. ತಮ್ಮ ಊರು, ಮನೆಯ ಹೆಸರು ಹೇಳಿ, ವಂಶದಿಂದ ಬಂದ ಗ್ರಂಥಗಳಿಂದಲೂ ಸ್ವಂತ ಅನುಭವದಿಂದಲೂ ಈ ವಿವರ ಹೇಳಿದ್ದೇನೆ ಎಂದು ಕೋಲೆಳುತ್ತು ಎಂಬ ಹಳೆಯ ಲಿಪಿಯಲ್ಲಿ ಬರೆದುಕೊಟ್ಟಿದ್ದಾರೆ. ಇನ್ನೊಂದು ಮೂವರು ಕೊಂಕಣಿ ವೈದ್ಯರದ್ದು: ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್. ಅದು ನಾಗರಿ ಲಿಪಿಯಲ್ಲಿದೆ. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟ ಕೊಂಕಣಿ ಕುಟುಂಬಗಳು ನಮ್ಮ ಕರಾವಳಿಯಲ್ಲೂ ಕೊಚ್ಚಿಯಲ್ಲೂ ನೆಲೆ ನಿಂತವು. ಕೊಚ್ಚಿಯಲ್ಲಿದ್ದ ಈ ಮೂವರು ಆ ಪರಂಪರೆಯವರು. ಪ್ರಮಾಣಪತ್ರಗಳ ತಾರೀಖು 1675ರ ಏಪ್ರಿಲ್ ತಿಂಗಳು.

ಇಟ್ಟಿ ಅಚ್ಯುತನ್ ಅವರ ಮನೆಯ ಗ್ರಂಥ ಇಂದು ಉಳಿದಿಲ್ಲ. ಆದರೆ ಅವರು ಹೇಳಿದ್ದು ಉಳಿದಿದೆ, ಹೇಳಿದವರ ಹೆಸರೂ ಉಳಿದಿದೆ. ಅಂದಿನ ಜಾತಿ ವ್ಯವಸ್ಥೆಯಲ್ಲಿ ಕೆಳಗಿಟ್ಟಿದ್ದ ಸಮುದಾಯದ ಒಬ್ಬ ವೈದ್ಯರ ಮಾತು ಅವರದೇ ಲಿಪಿಯಲ್ಲಿ ಯೂರೋಪಿನ ಪುಸ್ತಕದೊಳಗೆ ಕೂತಿದೆ. ಹಾಗೆಂದು ಎಲ್ಲರ ಹೆಸರೂ ಉಳಿಯಲಿಲ್ಲ. ಮರ ಹತ್ತಿ ಕೊಂಬೆ ಕಡಿದು ತಂದವರು, ಕಾಡಿನಲ್ಲಿ ದಾರಿ ತೋರಿಸಿದವರು, ಇವರ ಹೆಸರು ಎಲ್ಲಿದೆ? ಹೇಳಿದ ನಾಲ್ವರ ಹೆಸರು ಬರೆಯಬೇಕು ಎಂದು ಯಾರಿಗೋ ತೋಚಿತು, ಅದಕ್ಕೆ ಉಳಿಯಿತು. ಅಷ್ಟೇ ವ್ಯತ್ಯಾಸ.

ಪುಸ್ತಕ ಇದ್ದದ್ದು ಲ್ಯಾಟಿನ್ನಿನಲ್ಲಿ. ಹೇಳಿದವರ ಮಕ್ಕಳು ಮೊಮ್ಮಕ್ಕಳು ಅದನ್ನು ಓದುವ ಹಾಗಿರಲಿಲ್ಲ. ಕಲ್ಲಿಕೋಟೆ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಕೆ.ಎಸ್. ಮಣಿಲಾಲ್ ಮೂರು ದಶಕಕ್ಕೂ ಹೆಚ್ಚು ಕಾಲ ಇದರ ಹಿಂದೆ ಬಿದ್ದು, ಪುಸ್ತಕದ ಗಿಡಗಳನ್ನು ಮತ್ತೆ ಹುಡುಕಿ, 2003ರಲ್ಲಿ ಇಂಗ್ಲಿಷಿಗೂ 2008ರಲ್ಲಿ ಮಲಯಾಳಂಗೂ ತಂದರು. ಮನೆಯಿಂದ ಹೋದ ಮಾತು ಮನೆಗೆ ವಾಪಸು ಬರಲು ಮುನ್ನೂರಿಪ್ಪತ್ತೈದು ವರ್ಷ ಬೇಕಾಯಿತು.

ನಮ್ಮ ರಾಜ್ಯದಲ್ಲೂ ಇಂಥ ಕೆಲಸ ನಡೆದಿದೆ. ಅವು ಕೆತ್ತನೆಯಲ್ಲ, ಕೈಯಿಂದ ಬಣ್ಣ ಹಾಕಿದ ಚಿತ್ರಗಳು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಹ್ಯೂ ಕ್ಲೆಗಾರ್ನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಇಲ್ಲಿನ ಚಿತ್ರಗಾರನಿಂದ ಗಿಡಗಳ ಚಿತ್ರ ಬರೆಸುತ್ತಿದ್ದ. ಅವು ಈಗ ಎಡಿನ್‌ಬರೋದ ಸಸ್ಯೋದ್ಯಾನದ ಸಂಗ್ರಹದಲ್ಲಿವೆ. ಬರೆಸಿದವನ ಹೆಸರು ಎಲ್ಲರಿಗೂ ಗೊತ್ತು, ಬರೆದವನ ಹೆಸರು ಕೇಳಿದವರು ಕಡಿಮೆ. ಲಾಲ್‌ಬಾಗಿನ ಕಲಾವಿದ ಚೆಲುವಯ್ಯ ರಾಜು ಅವರ ಸಸ್ಯಚಿತ್ರಗಳು ಮಾತ್ರ ಅವರ ಹೆಸರಿನಲ್ಲೇ ನಮಗೆ ಸಿಗುತ್ತವೆ.

ಅಂಗಡಿಯ ಗಾಜಿನ ಹಿಂದೆ ನಾನು ನೋಡಿದ ಹಾಳೆಗೆ ವಾಪಸು ಬರುತ್ತೇನೆ. ಹಳೆಯ ಪುಸ್ತಕಗಳನ್ನು ಬಿಚ್ಚಿ, ಚಿತ್ರದ ಹಾಳೆಗಳನ್ನು ಒಂದೊಂದಾಗಿ ಮಾರುವುದು ಒಂದು ವ್ಯಾಪಾರ. ಗೋಡೆಗೆ ಚೆನ್ನಾಗಿ ಕಾಣುತ್ತದೆ. ಆದರೆ ಹಾಳೆ ಹರಿದುಬಂದಾಗ ವಿವರಣೆ ಹಿಂದೆ ಉಳಿಯುತ್ತದೆ, ಇಟ್ಟಿ ಅಚ್ಯುತನ್ ಹಿಂದೆ ಉಳಿಯುತ್ತಾರೆ. ಚಿತ್ರ ಬರೀ ಅಲಂಕಾರವಾಗುತ್ತದೆ.

ಇನ್ನು ನನ್ನ ಮನೆಯ ಹಲಸಿನ ವಿಷಯ.

ನಮ್ಮ ಹೊಲದ ಬದುವಿನಲ್ಲಿ ನಾಲ್ಕು ಹಲಸಿನ ಮರ ಇದ್ದವು. ಪ್ರತಿಯೊಂದಕ್ಕೂ ಅಜ್ಜಿ ಒಂದು ಹೆಸರಿಟ್ಟಿದ್ದರು. ಅಂಬಲಿ ಹಲಸು ಒಂದು, ರುದ್ರಾಕ್ಷಿ ಹಲಸು ಒಂದು, ಉಳಿದೆರಡು ಬಕ್ಕೆ. ಆ ಎರಡರಲ್ಲಿ ಬಾವಿಯ ಕಡೆಗಿದ್ದದ್ದು "ಜೇನು ಬಕ್ಕೆ". ಯಾವುದು ಯಾವ ತಿಂಗಳಲ್ಲಿ ಹಣ್ಣಾಗುತ್ತದೆ, ಯಾವುದರ ಬೀಜ ಸಾರಿಗೆ ಚೆನ್ನ, ಯಾವುದನ್ನು ಬಾಣಂತಿಗೆ ಕೊಡಬಾರದು, ಎಲ್ಲ ಅವರ ಬಾಯಲ್ಲಿತ್ತು.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ರೆಕಾರ್ಡ್‌ಗೆ ಹಲಸಿನ ಹಣ್ಣಿನ ಅಡ್ಡಸೀಳಿಕೆ ಬರೆಯಬೇಕಿತ್ತು. ನಾನು ಗೈಡ್ ನೋಡಿ ನಕಲು ಮಾಡಿ, ಚೆನ್ನಾಗಿ ಶೇಡ್ ಹಾಕಿ ಒಯ್ದೆ. ನಮ್ಮ ಮೇಡಂ, ಇವತ್ತು ಇಲ್ಲೇ ಎರಡನೇ ಸಾಲಿನಲ್ಲಿ ಕೂತಿದ್ದಾರೆ, ಪುಟಕ್ಕೆ ಅಡ್ಡ ಗೀಟು ಹಾಕಿ, "ನಿಮ್ಮ ಹೊಲದಲ್ಲೇ ಮರ ಇಟ್ಟುಕೊಂಡು ಪುಸ್ತಕ ನೋಡಿ ಬರೀತೀಯಲ್ಲೋ! ಹಣ್ಣು ಕೊಯ್ದು, ನೋಡಿ ಬರಿ" ಎಂದರು. ಅಳುತ್ತಾ ಮನೆಗೆ ಹೋದೆ. ಅಜ್ಜಿ ಜೇನು ಬಕ್ಕೆಯ ಹಣ್ಣನ್ನು ಕೈಗೆ ಎಣ್ಣೆ ಸವರಿಕೊಂಡು ಅಡ್ಡಕ್ಕೆ ಕೊಯ್ದು ಕೊಟ್ಟರು. ಬರೆದೆ. ತೊಳೆ, ಬೀಜ, ನಾರು, ದಿಂಡು ಎಂದು ಗೆರೆ ಎಳೆದು ಗುರುತು ಹಾಕಿದೆ. ಒಂದೊಂದು ತೊಳೆಯೂ ಒಂದೊಂದು ಹೂವಿನಿಂದ ಆದದ್ದು, ಹಲಸಿನ ಹಣ್ಣೆಂದರೆ ಒಂದು ಹಣ್ಣಲ್ಲ, ನೂರಾರು ಹೂವುಗಳ ಒಟ್ಟು ಕುಟುಂಬ ಎಂದು ನನಗೆ ಅರ್ಥವಾದದ್ದು ಅವತ್ತು.

2006ರಲ್ಲಿ ನನಗೆ ಬಿ.ಇ. ಸೀಟು ಸಿಕ್ಕಿತು. ಫೀಸು, ಹಾಸ್ಟೆಲ್ಲು ಸೇರಿ ಮನೆಯಲ್ಲಿ ಅಷ್ಟು ಹಣ ಇರಲಿಲ್ಲ. ಹಲಸಿನ ಮರಕ್ಕೆ ಒಳ್ಳೆ ಬೆಲೆ ಇತ್ತು. ಅಪ್ಪ ನಾಲ್ಕನ್ನೂ ಮಾರಿದರು. ಅಜ್ಜಿ ಒಂದು ಮಾತೂ ಆಡಲಿಲ್ಲ. ಮರ ಕಡಿಯುವ ದಿನ ಮಾತ್ರ ತಂಗಿಯ ಊರಿಗೆ ಹೋಗಿಬಿಟ್ಟರು. ನಾನು ಬಿ.ಇ. ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡರು. ಅಪ್ಪ ಮಾಡಿದ್ದು ತಪ್ಪು ಎಂದು ನಾನು ಹೇಳಲಾರೆ. ಆ ಮರಗಳಿಂದಲೇ ಇವತ್ತು ನಾನು ಈ ಮೈಕಿನ ಮುಂದೆ ನಿಂತಿದ್ದೇನೆ.

ಕೆಲವು ವರ್ಷಗಳ ಕೆಳಗೆ ಪೇಪರಿನಲ್ಲಿ ನೀವೆಲ್ಲ ಓದಿರುತ್ತೀರಿ. ನಮ್ಮ ಜಿಲ್ಲೆಯ ಚೇಳೂರಿನ ಒಂದು ಕೆಂಪು ತೊಳೆಯ ಹಲಸಿನ ಮರವನ್ನು ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಗುರುತಿಸಿ, ಕಸಿ ಗಿಡ ಮಾಡಿ, ಅದಕ್ಕೆ "ಸಿದ್ದು" ಎಂದು ಹೆಸರಿಟ್ಟರು. ಆ ಮರ ನೆಟ್ಟ ಹಿರಿಯರ ನೆನಪಿಗೆ ಇಟ್ಟ ಹೆಸರು ಅದು. ಆ ಸುದ್ದಿ ಓದಿದ ದಿನ ಊರಿಗೆ ಬಂದು ಅಟ್ಟ ಹತ್ತಿ ಹುಡುಕಿದೆ. ನನ್ನ ಒಂಬತ್ತನೇ ತರಗತಿಯ ರೆಕಾರ್ಡ್ ಸಿಕ್ಕಿತು. ಮೂಲೆ ಇಲಿ ತಿಂದಿತ್ತು, ಚಿತ್ರ ಹಾಗೇ ಇತ್ತು. ಆ ಮರದ ಗುರುತಾಗಿ ಜಗತ್ತಿನಲ್ಲಿ ಉಳಿದಿರುವುದು ಅದೊಂದೇ.

ಅದರ ಕೆಳಗೆ ಏನು ಬರೆದಿದ್ದೆ? "ಹಲಸಿನ ಹಣ್ಣು". ಅಷ್ಟೇ. ಜೇನು ಬಕ್ಕೆ ಎಂದು ಬರೆದಿರಲಿಲ್ಲ. ಅಜ್ಜಿಯ ಹೆಸರು ಬರೆದಿರಲಿಲ್ಲ. ಪೆನ್ಸಿಲಿನ ಚಿತ್ರ, ತೊಳೆಯ ಬಣ್ಣ ಏನೆಂದೂ ಬರೆದಿರಲಿಲ್ಲ. ಕೆಂಪಗಿತ್ತು ಎಂದು ನನ್ನ ನೆನಪು. ಹಳದಿ ಎಂದು ನನ್ನ ಅಕ್ಕನ ನೆನಪು. ಕೇಳೋಣ ಎಂದರೆ ಅಜ್ಜಿ ಇಲ್ಲ. ನಮ್ಮ ಮರವೂ ಸಿದ್ದುವಿನಂಥದ್ದೇ ಎಂದು ಹೇಳಿಕೊಳ್ಳಲು ನನ್ನ ಹತ್ತಿರ ಆಧಾರ ಇಲ್ಲ, ಅಲ್ಲ ಎನ್ನಲೂ ಇಲ್ಲ.

ಈಗ ಎ.ಐ. ವಿಷಯಕ್ಕೆ ಬರುತ್ತೇನೆ, ಸಮಿತಿಯವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕಲ್ಲ. ಎಲೆಯ ಫೋಟೋ ಹಿಡಿದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಇವತ್ತು ನಿಮ್ಮ ಮೊಬೈಲಿನಲ್ಲೇ ಇವೆ. ಹಲಸಿನ ಎಲೆ ತೋರಿಸಿ, "ಹಲಸು" ಎನ್ನುತ್ತದೆ. ಅಂಬಲಿಯೋ ಬಕ್ಕೆಯೋ ಕೇಳಿ, ಹೇಳಲಾರದು. ಅದಕ್ಕೆ ಬುದ್ಧಿ ಇಲ್ಲವೆಂದಲ್ಲ, ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಯಂತ್ರ ಕಲಿಯುವುದು ಯಾರೋ ನೋಡಿ, ಬರೆದು, ಹೆಸರು ಹಾಕಿಟ್ಟ ಚಿತ್ರಗಳಿಂದ. ವಾನ್ ರೀಡ್‌ನ ಪುಸ್ತಕ ಯೂರೋಪಿಗೆ ಕಲಿಸಿದ್ದೂ ಹಾಗೆಯೇ. ಹೆಸರು ಗೊತ್ತಿರುವವರು ಇನ್ನೂ ನಮ್ಮ ಮನೆಗಳ ಜಗಲಿಯ ಮೇಲೆ ಕೂತಿದ್ದಾರೆ. ಕೇಳುವವರು ಬೇಕು.

ಅದಕ್ಕೆ ಸುವರ್ಣ ಮಹೋತ್ಸವದ ನೆನಪಿಗೆ ಒಂದು ಸಣ್ಣ ಕೆಲಸ ಕೇಳುತ್ತೇನೆ. "ನಮ್ಮ ಊರಿನ ಮರಗಳ ಪುಸ್ತಕ" ಮಾಡೋಣ. ಎಂಟು, ಒಂಬತ್ತನೇ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿ ಒಂದು ಹಣ್ಣಿನ ಮರ ಆರಿಸಿಕೊಳ್ಳಲಿ. ವರ್ಷದಲ್ಲಿ ನಾಲ್ಕು ಸಲ ಅದೇ ಮರದ ಹತ್ತಿರ ಹೋಗಿ ಎಲೆ, ಹೂವು, ಕಾಯಿ, ಹಣ್ಣು, ಬೀಜ ನೋಡಿ ಒಂದೇ ಹಾಳೆಯಲ್ಲಿ ಬರೆಯಲಿ. ಫೋಟೋ ಬೇಕಾದರೆ ತೆಗೆಯಲಿ, ಆದರೆ ಚಿತ್ರ ಕೈಯಲ್ಲೇ ಬರೆಯಬೇಕು. ಬರೆಯಲು ಕೂತಾಗ ಮಾತ್ರ ಕಣ್ಣು ನಿಜವಾಗಿ ನೋಡುತ್ತದೆ. ಕೆಳಗೆ ಐದು ಸಾಲು: ಮರದ ಹೆಸರು, ಹಣ್ಣಿನ ಬಣ್ಣ ಮತ್ತು ರುಚಿ, ಯಾವ ತಿಂಗಳಲ್ಲಿ ಹಣ್ಣು, ನೆಟ್ಟವರು ಯಾರು, ಇದನ್ನೆಲ್ಲ ಹೇಳಿದವರು ಯಾರು. ಐದನೇ ಸಾಲು ಖಾಲಿ ಬಿಟ್ಟ ಹಾಳೆಯನ್ನು ಮೇಡಂ ವಾಪಸು ಕೊಡಲಿ! ಡ್ರಾಯಿಂಗ್ ಹಾಳೆ, ಪೆನ್ಸಿಲ್, ಬಣ್ಣ ನಾನು ಮತ್ತು ನಮ್ಮ 2004ರ ಬ್ಯಾಚಿನವರು ಕೊಡುತ್ತೇವೆ. ವರ್ಷದ ಕೊನೆಗೆ ನಾನೇ ಬಂದು ಎಲ್ಲ ಹಾಳೆ ಸ್ಕ್ಯಾನ್ ಮಾಡುತ್ತೇನೆ. ಮೂಲ ಪ್ರತಿ ಶಾಲೆಯ ಲೈಬ್ರರಿಯಲ್ಲೇ ಇರಲಿ.

ಮೊದಲ ಹಾಳೆ ಗೇಟಿನ ಪಕ್ಕದ ನೇರಳೆ ಮರದ್ದಾಗಲಿ. ನಾವು ಓದುವಾಗ ಅದು ನನ್ನ ಭುಜದಷ್ಟಿತ್ತು. ಬೇಸಿಗೆ ರಜೆಯಲ್ಲೂ ಬೋರ್‌ವೆಲ್ಲಿನಿಂದ ಬಕೆಟಿನಲ್ಲಿ ನೀರು ಹೊತ್ತು ಹಾಕಿ ಉಳಿಸಿದವರು ನಮ್ಮ ಅಟೆಂಡರ್ ಅಣ್ಣ. ನಾವೆಲ್ಲ ಅವರನ್ನು ಹಾಗೇ ಕರೆಯುತ್ತಿದ್ದೆವು, ಪೂರ್ತಿ ಹೆಸರು ಕೇಳಲೇ ಇಲ್ಲ. ಇವತ್ತು ಬೆಳಿಗ್ಗೆ ಆ ಮರದ ಕೆಳಗೆ ನಾವು ನಲವತ್ತು ಜನ ನಿಂತು ಫೋಟೋ ತೆಗೆಸಿಕೊಂಡೆವು. ಅವರ ಹೆಸರು ಗೊತ್ತಾ ಎಂದು ಒಬ್ಬೊಬ್ಬರನ್ನೇ ಕೇಳಿದೆ. ಯಾರಿಗೂ ಗೊತ್ತಿರಲಿಲ್ಲ. ಶಾಲೆಯ ಹಳೆಯ ಹಾಜರಿ ಪುಸ್ತಕದಲ್ಲಿ ಖಂಡಿತ ಇರುತ್ತದೆ. ಮುಖ್ಯೋಪಾಧ್ಯಾಯರು ದಯವಿಟ್ಟು ತೆಗೆಸಿಕೊಡಬೇಕು.

ಎರಡನೇ ಹಾಳೆ ನನ್ನದು. ರೆಕಾರ್ಡಿನ ಆ ಪುಟವನ್ನು ಇವತ್ತು ತಂದಿದ್ದೇನೆ, ಲೈಬ್ರರಿಗೆ ಕೊಡುತ್ತೇನೆ. ಕೆಳಗೆ ಇಪ್ಪತ್ತು ವರ್ಷ ತಡವಾಗಿ ಬರೆದಿದ್ದೇನೆ: ಮರದ ಹೆಸರು, ಜೇನು ಬಕ್ಕೆ. ತೊಳೆಯ ಬಣ್ಣ, ಕೆಂಪು ಎಂದು ಒಬ್ಬರು, ಹಳದಿ ಎಂದು ಒಬ್ಬರು. ಹೇಳಿದವರು ಎಂಬ ಸಾಲಿನಲ್ಲಿ ನನ್ನ ಅಜ್ಜಿಯ ಹೆಸರು ಇದೆ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಹೆಸರು ಒಂದು ಪುಸ್ತಕದೊಳಗೆ ಸೇರುತ್ತಿರುವುದು ಇದೇ ಮೊದಲು.

"ನೋಡಿ ಬರಿ" ಎಂದು ಅವತ್ತು ನನ್ನ ಪುಟಕ್ಕೆ ಗೀಟು ಹಾಕಿದ ಮೇಡಂ ಅವರಿಗೆ ನಮಸ್ಕರಿಸಿ ನನ್ನ ಮಾತು ಮುಗಿಸುತ್ತೇನೆ.

ಹಳೆಯ ವಿದ್ಯಾರ್ಥಿ, 2004ರ ಎಸ್‌ಎಸ್‌ಎಲ್‌ಸಿ ತಂಡ
ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು